ಧರ್ಮ ಬೇಡವೆಂದದ್ದಕ್ಕೆ ಕಾನೂನು ಹೂಂ ಅಂದರೆ

ಉಪನೋಂದಣಿ ಕಚೇರಿಯ ನೋಟಿಸ್ ಬೋರ್ಡ್ ಓದುವವರು ಕಡಿಮೆ. ಹೊಲದ ಖರೀದಿ, ಬೋಜಾ, ಇಸಿ ಅಂತ ಬಂದ ಮಂದಿ ಪತ್ರ ಬರೆಯುವವರ ಮೇಜಿನ ಸುತ್ತ ನಿಂತಿರುತ್ತಾರೆಯೇ ಹೊರತು ಬೋರ್ಡಿನ ಕಡೆ ಕಣ್ಣು ಹಾಯಿಸುವುದಿಲ್ಲ. ಆದರೆ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುತ್ತೇವೆಂದು ಹುಡುಗ ಹುಡುಗಿ ಕೊಟ್ಟ ನೋಟಿಸ್ ಅಲ್ಲಿ ಅಂಟಿ, ಎರಡು ಹೆಸರು ಎರಡು ಧರ್ಮದವೆಂದು ಯಾರಿಗಾದರೂ ಹೊಳೆದರೆ ಸಾಕು, ಸಂಜೆಯೊಳಗೆ ಅದರ ಫೋಟೊ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಆಗ ಏಳುವ ಮಾತು ಗಂಗಾವತಿಯಲ್ಲೂ ಸಿಂಧನೂರಲ್ಲೂ ಸಿರುಗುಪ್ಪದಲ್ಲೂ ಒಂದೇ: "ನಮ್ಮ ಧರ್ಮದಾಗ ಇದು ನಡಿಯಂಗಿಲ್ಲ. ಸರ್ಕಾರ ಹೆಂಗ ನಡಸ್ತದ?"

ಹೀಗೆ ಕೇಳುವವರೆಲ್ಲ ಗದ್ದಲ ಎಬ್ಬಿಸಲು ಕಾದು ಕುಳಿತವರಲ್ಲ. ದಿನಾ ಲಿಂಗಪೂಜೆ ಮಾಡುವವರು, ಐದು ಹೊತ್ತು ನಮಾಜು ತಪ್ಪಿಸದವರು, ಭಾನುವಾರ ಚರ್ಚಿಗೆ ಹೋಗುವವರು ಇವರಲ್ಲಿದ್ದಾರೆ. ಅವರ ಸಂಕಟ ನಿಜವಾದದ್ದು. ನನ್ನ ಧರ್ಮ ತಪ್ಪೆಂದು ಹೇಳಿದ್ದನ್ನು ಕಾನೂನು ಮಾಡಬಹುದು ಅನ್ನುತ್ತದೆ. ಆ ಕಾನೂನಿಗೆ ನಾನು ಕೈ ಎತ್ತಿದರೆ ತಪ್ಪಿನಲ್ಲಿ ಪಾಲು ಪಡೆದಂತಾಗುವುದಿಲ್ಲವೇ? ಜಾತ್ಯತೀತತೆ, ಸಂವಿಧಾನ ಎಂಬ ಎರಡು ಪದ ಎಸೆದು ಈ ಪ್ರಶ್ನೆಯನ್ನು ದಾಟಿಬಿಡುವುದು ಸುಲಭ. ಅದರಿಂದ ಕೇಳಿದವನಿಗೆ ಉತ್ತರ ಸಿಕ್ಕಂತಾಗುವುದಿಲ್ಲ.

ಇಂಥ ಕಾನೂನುಗಳಲ್ಲಿ ಹೆಚ್ಚಿನವನ್ನು ಧರ್ಮವಂತರು ಬೆಂಬಲಿಸಬೇಕು, ಅದೂ ತಮ್ಮ ಧರ್ಮದ ಸಲುವಾಗಿಯೇ ಬೆಂಬಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಧರ್ಮದ ಬೇಡಗಳನ್ನು ಸರ್ಕಾರದ ಕೈಗೆ ಒಪ್ಪಿಸಿದಾಗ ಅವು ಗುಮಾಸ್ತರ ಮೇಜಿನ ಮೇಲಿನ ಫಾರಂ ಆಗುತ್ತವೆ. ಫಾರಂ ಇದ್ದಲ್ಲಿ ಸುಳ್ಳು ತುಂಬುವುದು ಶುರುವಾಗುತ್ತದೆ. ಮದುವೆಯ ಕಾನೂನಿನ ಚರಿತ್ರೆಯಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ.

1872ರಲ್ಲಿ ಬ್ರಿಟಿಷ್ ಸರ್ಕಾರ ಮೊದಲ ವಿಶೇಷ ವಿವಾಹ ಕಾಯ್ದೆ ತಂದಿತು. ಬಂಗಾಳದ ಸುಧಾರಕ ಪಂಥವಾದ ಬ್ರಹ್ಮಸಮಾಜದವರು ಹಳೆಯ ವಿಧಿಗಳನ್ನು ಬಿಟ್ಟು ಮದುವೆಯಾಗುತ್ತಿದ್ದರು, ಆ ಮದುವೆಗಳಿಗೆ ಕಾನೂನಿನ ಮಾನ್ಯತೆ ಇದೆಯೋ ಇಲ್ಲವೋ ಎಂಬ ಅನುಮಾನವಿತ್ತು. ಆ ಸಮಾಜದ ಮುಂದಾಳು ಕೇಶವಚಂದ್ರ ಸೇನರ ಒತ್ತಾಯದಿಂದ ಬಂದ ಆ ಕಾಯ್ದೆಯಲ್ಲಿ ಒಂದು ಷರತ್ತು ಸೇರಿಕೊಂಡಿತು: ಮದುವೆಯಾಗುವ ಇಬ್ಬರೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಯಾವ ಧರ್ಮವನ್ನೂ ಅನುಸರಿಸುವುದಿಲ್ಲ ಎಂದು ಬರೆದುಕೊಡಬೇಕು. ಧರ್ಮವಂತರ ಮನಸ್ಸಿಗೆ ನೋವಾಗಬಾರದೆಂದು ಹಾಕಿದ ಷರತ್ತು ಅದು. ಮನೆಯಲ್ಲಿ ದೇವರಿಗೆ ಕೈ ಮುಗಿದು ಬಂದವನು ರಿಜಿಸ್ಟ್ರಾರರ ಮುಂದೆ ತನಗೆ ಆ ಯಾವ ಧರ್ಮವೂ ಇಲ್ಲವೆಂದು ಸಹಿ ಹಾಕುತ್ತಿದ್ದ, ಸಂಜೆ ಮನೆಗೆ ಹೋಗಿ ಮತ್ತೆ ಕೈ ಮುಗಿಯುತ್ತಿದ್ದ. ಕೇಂದ್ರ ಶಾಸನಸಭೆಯ ಸದಸ್ಯ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ 1923ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮತಮ್ಮೊಳಗಿನ ಮದುವೆಗೆ ಈ ಷರತ್ತು ಸಡಿಲವಾಯಿತು. 1954ರ ಕಾಯ್ದೆ ಅದನ್ನು ಪೂರ್ತಿ ಕಿತ್ತುಹಾಕಿತು. 1955ರ ಜನವರಿ 1ರಿಂದ ಜಾರಿಗೆ ಬಂದ ಈ ಕಾನೂನು ಯಾರ ಧರ್ಮವನ್ನೂ ಬಿಡಲು ಹೇಳುವುದಿಲ್ಲ. ಆಗಿನ್ನೂ ಬಳ್ಳಾರಿ ಮೈಸೂರಿಗೆ ಸೇರಿ ಎರಡನೇ ವರ್ಷ. ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲೇ ಇದ್ದವು.

ಈಗ ಈ ಕಾನೂನೇ ಇಲ್ಲವೆಂದು ಇಟ್ಟುಕೊಳ್ಳಿ. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಊರ್ಜಿತವಾಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಮುಸ್ಲಿಂ ಹುಡುಗ ಹಿಂದೂ ಹುಡುಗಿಯನ್ನು ನಿಕಾಹ್ ಮಾಡಿಕೊಂಡರೆ ಅದು ಫಾಸಿದ್, ಅಂದರೆ ಕ್ರಮ ತಪ್ಪಿದ ಮದುವೆ. ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕುಂಟು, ಹೆಂಡತಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಉಳಿಯುವ ದಾರಿ ಮತಾಂತರ. ಮದುವೆಯ ಹಿಂದಿನ ದಿನ ಕಲಿಮಾ ಹೇಳಿ ಹೆಸರು ಬದಲಿಸುವುದು, ಇಲ್ಲವೇ ಯಾವುದೋ ಸಂಸ್ಥೆಗೆ ಹೋಗಿ ಶುದ್ಧಿ ಮಾಡಿಸಿಕೊಂಡು ಸರ್ಟಿಫಿಕೇಟ್ ತರುವುದು. ನಂಬಿಕೆಯಿಂದ ಬರಬೇಕಾದ ಮಾತು ಲೈಸೆನ್ಸಿಗಾಗಿ ಬರುತ್ತದೆ. ಇದಕ್ಕೆ ಎಲ್ಲರಿಗಿಂತ ಮೊದಲು ಬೇಸರಪಡಬೇಕಾದವರು ಕಾಜಿಗಳು, ಜಂಗಮರು, ಪಾದ್ರಿಗಳು. ಒಂದೇ ಹೆಂಡತಿಯ ಕಾನೂನನ್ನು ತಪ್ಪಿಸಿಕೊಳ್ಳಲು ಮುಸ್ಲಿಮನಾಗಿ ಎರಡನೇ ಮದುವೆಯಾದ ಗಂಡಸರ ಪ್ರಕರಣಗಳು 1995ರಲ್ಲಿ, ಆಮೇಲೆ 2000ದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದವು. ಅಂಥ ಮದುವೆ ಊರ್ಜಿತವಲ್ಲ ಎಂದು ಕೋರ್ಟ್ ತಳ್ಳಿಹಾಕಿತು. ಅಲ್ಲಿ ನಿಜಕ್ಕೂ ಮಾನ ಕಳೆದುಕೊಂಡದ್ದು ಇಸ್ಲಾಂ. ಬಾಗಿಲು ತೆರೆದಿಟ್ಟ ಧರ್ಮವನ್ನು ಕಳ್ಳದಾರಿ ಮಾಡಿಕೊಂಡರು.

ವಿಶೇಷ ವಿವಾಹ ಕಾಯ್ದೆ ಇರುವುದರಿಂದ ಈ ನಾಟಕದ ಅಗತ್ಯವಿಲ್ಲ. ಆದರೆ ಅದರ ದಾರಿ ಉದ್ದ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಹಿಂದಿನ 30 ದಿನ ವಾಸವಿರಬೇಕು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ನೋಟಿಸ್ ಕೊಟ್ಟ ಮೇಲೆ ಅಧಿಕಾರಿ ಅದನ್ನು ಪುಸ್ತಕಕ್ಕೆ ಏರಿಸಿ, ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಹಚ್ಚುತ್ತಾನೆ. ಇಬ್ಬರಲ್ಲಿ ಯಾರದಾದರೂ ಕಾಯಂ ವಿಳಾಸ ಬೇರೆ ಜಿಲ್ಲೆಯದಾಗಿದ್ದರೆ ಅಲ್ಲಿನ ಅಧಿಕಾರಿಗೂ ಪ್ರತಿ ಹೋಗಿ ಅಲ್ಲೂ ಹಚ್ಚಬೇಕು. ಆಕ್ಷೇಪಣೆಗೆ 30 ದಿನ. ಆಕ್ಷೇಪಣೆ ಬಂದರೆ ವಿಚಾರಣೆಗೆ ಮತ್ತೆ 30 ದಿನದ ಗಡುವು. ಅಧಿಕಾರಿ ಆಕ್ಷೇಪಣೆ ಎತ್ತಿಹಿಡಿದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ, ಅದಕ್ಕೂ 30 ದಿನ. ಏನೂ ತಕರಾರಿಲ್ಲದಿದ್ದರೆ ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಸಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ ನೋಟಿಸ್.

ಕೆಡುವುದು ಆ 30 ದಿನಗಳಲ್ಲಿ. ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಆಕ್ಷೇಪಿಸಬಹುದು, ಕಾರಣ ಮಾತ್ರ ನಾಲ್ಕರೊಳಗೇ ಇರಬೇಕು: ಗಂಡ ಅಥವಾ ಹೆಂಡತಿ ಬದುಕಿರುವುದು, ಮಾನಸಿಕ ಅಸ್ವಸ್ಥತೆ, ವಯಸ್ಸು, ನಿಷಿದ್ಧ ಸಂಬಂಧ. ಧರ್ಮ ಬೇರೆ, ಜಾತಿ ಬೇರೆ, ಅಪ್ಪ ಅವ್ವ ಒಪ್ಪಿಲ್ಲ ಎಂಬುದು ಕಾರಣವೇ ಅಲ್ಲ. ಆದರೂ ಇಂಥ ಅರ್ಜಿ ತಂದರೆ, ಊರಿನ ಒತ್ತಡಕ್ಕೆ ಹೆದರಿದ ಅಧಿಕಾರಿ ಅದನ್ನು ಪಡೆದು "ವಿಚಾರಣೆಗೆ ಇಟ್ಟೀನಿ" ಎಂದು ದಿನ ದೂಡಬಲ್ಲ. ಅಷ್ಟರಲ್ಲಿ ಹುಡುಗಿಯನ್ನು ಸಂಬಂಧಿಕರ ಊರಿಗೆ ಸಾಗಿಸಿದರೆ ಮದುವೆಯೇ ನಿಂತಂತೆ. ಕಾರಣವಿಲ್ಲದ, ಸದುದ್ದೇಶವಿಲ್ಲದ ಆಕ್ಷೇಪಣೆಗೆ ಆಕ್ಷೇಪಿಸಿದವನ ಮೇಲೆ 1,000 ರೂಪಾಯಿವರೆಗೆ ಪರಿಹಾರ ಹೊರಿಸುವ ಅಧಿಕಾರ ಅಧಿಕಾರಿಗೆ ಕೊಟ್ಟಿದ್ದಾರೆ. 1954ರಲ್ಲಿ ಅದು ದೊಡ್ಡ ಮೊತ್ತವಾಗಿತ್ತು, ಈಗ ಯಾರಿಗೂ ಅದರ ಭಯವಿಲ್ಲ. ನೋಟಿಸ್ ಹಚ್ಚಿರೆಂದು ಮದುವೆಯಾಗುವವರೇ ಬರೆದುಕೊಟ್ಟರೆ ಮಾತ್ರ ಹಚ್ಚಬೇಕು, ಇಲ್ಲವಾದರೆ ಹಚ್ಚಕೂಡದು ಎಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಅದು ಸರಿಯಾದ ಮಾತು. ಕುಂಕುಮ ಹಚ್ಚಿ ತಾಳಿ ಕಟ್ಟುವವರ ವಿಳಾಸವನ್ನು ಯಾರೂ ಮುಂಚೆ ಬೋರ್ಡಿಗೆ ಹಚ್ಚುವುದಿಲ್ಲ. ಆದರೆ ಆ ತೀರ್ಪು ನಮ್ಮ ರಾಜ್ಯದ ಅಧಿಕಾರಿಗಳನ್ನು ಕಟ್ಟಿಹಾಕುವುದಿಲ್ಲ.

ನಿಷಿದ್ಧ ಸಂಬಂಧದ ಪಟ್ಟಿಯಲ್ಲಿ ನಮ್ಮ ಸೀಮೆಯವರಿಗೆ ಒಂದು ತಮಾಷೆ ಕಾದಿದೆ. ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆಯ ಮಗಳು ಮೂವರೂ ಆ ಪಟ್ಟಿಯಲ್ಲಿದ್ದಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ರೂಢಿಯ ಹೆಸರಲ್ಲಿ ಇವು ನಡೆಯುತ್ತವೆ. ವಿಶೇಷ ಕಾಯ್ದೆಯಲ್ಲಿ ಆ ರೂಢಿಯನ್ನು ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಿ ಒಪ್ಪಿರಬೇಕು. ಕೊಪ್ಪಳದ ಹಿರಿಯರು ಕೈಯಾರೆ ಅಕ್ಕಿಕಾಳು ಹಾಕುವ ಮದುವೆ ಈ ಕಾನೂನಿಗೆ ನಿಷಿದ್ಧ. ಅವರು ಎದೆ ಬಡಿದುಕೊಳ್ಳುವ ಮದುವೆ ಈ ಕಾನೂನಿಗೆ ಸರಾಗ. ಒಬ್ಬರ ಪದ್ಧತಿ ಇನ್ನೊಬ್ಬರಿಗೆ ಪಾಪ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಉತ್ತರದ ಸಂಪ್ರದಾಯಸ್ಥರ ಕಣ್ಣಿಗೆ ನಮ್ಮ ಸೋದರಮಾವನ ಮದುವೆ ಅಸಹ್ಯ. ಅವರು ತಮ್ಮ ಬೇಡವನ್ನು ದೇಶಕ್ಕೆಲ್ಲ ಕಾನೂನು ಮಾಡಿದ್ದರೆ ನಮ್ಮ ಎಷ್ಟೋ ಮನೆಗಳ ಮದುವೆ ಕೋರ್ಟಿನಲ್ಲಿ ಬಿದ್ದುಹೋಗುತ್ತಿತ್ತು. ಲಿಂಗಾಯತರು ಶವವನ್ನು ಕೂರಿಸಿ ವಿಭೂತಿ ಇಟ್ಟು ಮಣ್ಣು ಮಾಡುತ್ತಾರೆ, ಸುಡುವುದಿಲ್ಲ. ಹೆಚ್ಚು ಮಂದಿ ಸುಡುತ್ತಾರೆಂದು ಅದನ್ನೇ ಕಾನೂನು ಮಾಡಿದರೆ ಕ್ರಿಯಾಸಮಾಧಿಗೂ ತಹಶೀಲ್ದಾರರ ಪರವಾನಗಿ ಬೇಕಾಗುತ್ತದೆ.

ಆಸ್ತಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಈ ಮದುವೆಗಳ ಬೆನ್ನಿಗಿದೆ. "ರಿಜಿಸ್ಟರ್ ಮದುವಿ ಆದ್ರ ಹೊಲದಾಗ ಪಾಲಿಲ್ಲ" ಎಂದು ಹುಡುಗನನ್ನು ಹೆದರಿಸುತ್ತಾರೆ. ಅವಿಭಕ್ತ ಕುಟುಂಬದ ಹಿಂದೂ ಒಬ್ಬ ಬೇರೆ ಧರ್ಮದವಳನ್ನು ಈ ಕಾಯ್ದೆಯಡಿ ಮದುವೆಯಾದರೆ ಕುಟುಂಬದಿಂದ ವಿಭಾಗವಾದಂತೆ ಎಂದು 19ನೇ ಕಲಂ ಹೇಳುತ್ತದೆ, ನಿಜ. ವಿಭಾಗ ಅಂದರೆ ಪಾಲು ಕಳೆದುಕೊಂಡ ಎಂದಲ್ಲ, ತನ್ನ ಪಾಲು ಕೇಳಬಹುದು ಎಂದು. ಜಾತಿ ಕೆಟ್ಟ ಅಥವಾ ಧರ್ಮ ಬಿಟ್ಟ ಕಾರಣಕ್ಕೆ ಆಸ್ತಿ ಹಕ್ಕು ಹೋಗದು ಎಂಬ 1850ರ ಕಾಯ್ದೆಯ ರಕ್ಷಣೆಯನ್ನು ಮುಂದಿನ ಕಲಮಿನಲ್ಲೇ ಅವನಿಗೂ ಕೊಟ್ಟಿದ್ದಾರೆ. ಅವನ ನಂತರ ಅವನ ಆಸ್ತಿ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೋಗುತ್ತದೆ. ಇಬ್ಬರೂ ಹಿಂದೂಗಳಾಗಿ ಜಾತಿ ಮಾತ್ರ ಬೇರೆಯಾಗಿದ್ದರೆ ಇದ್ಯಾವುದೂ ಅನ್ವಯಿಸುವುದಿಲ್ಲ, 1976ರ ತಿದ್ದುಪಡಿಯ ನಂತರ ಅವರಿಗೆ ಹಿಂದೂ ಉತ್ತರಾಧಿಕಾರವೇ.

ಹಾಗಾದರೆ ಎಲ್ಲಕ್ಕೂ ಅನುಮತಿ ಕೊಟ್ಟುಬಿಡಬೇಕೆ? ಹೆಂಡದ ವಿಷಯಕ್ಕೆ ಬಂದಾಗ ನನ್ನ ವಾದ ಇಷ್ಟು ಸಲೀಸಾಗಿ ನಡೆಯುವುದಿಲ್ಲ.

ಇಸ್ಲಾಂ ಮದ್ಯವನ್ನು ಹರಾಮ್ ಎನ್ನುತ್ತದೆ, ಶರಣರೂ ಅದನ್ನು ದೂರವಿಟ್ಟರು. ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಎರಡು ಕಾನೂನು ಒಂದು ಹೊಳೆಯ ಆಚೆ ಈಚೆ ಇದ್ದವು. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. 1948ರ ಅಕ್ಟೋಬರ್ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಪಾನನಿಷೇಧ ಬಂದಿತ್ತು. ತುಂಗಭದ್ರೆಯ ಎಡದಂಡೆಯ ಮುನಿರಾಬಾದ್ ಹೈದರಾಬಾದ್ ಸಂಸ್ಥಾನದ್ದು, ಅಲ್ಲಿ ಅಬ್ಕಾರಿ ಸರ್ಕಾರದ ದೊಡ್ಡ ಆದಾಯಗಳಲ್ಲೊಂದು. ಎರಡು ಸರ್ಕಾರ ಜಂಟಿಯಾಗಿ ಅಣೆಕಟ್ಟು ಕಟ್ಟುತ್ತಿದ್ದ ವರ್ಷಗಳವು. ಹೊಸಪೇಟೆಯಲ್ಲಿ ಅಪರಾಧವಾದದ್ದು ಹೊಳೆ ದಾಟಿದರೆ ಸರ್ಕಾರಿ ವ್ಯಾಪಾರ. ಎಡದಂಡೆಯ ಮಂದಿ ಬಲದಂಡೆಯವರಿಗಿಂತ ಪಾಪಿಗಳಾಗಿದ್ದರೆಂದು ಯಾರೂ ಹೇಳಲಾರರು.

ನಿಷೇಧ ಇದ್ದಲ್ಲಿ ಮತ್ತೆ ಅದೇ ಫಾರಂ. ಗುಜರಾತಿನಲ್ಲಿ ಇವತ್ತಿಗೂ ಆರೋಗ್ಯದ ಕಾರಣ ಬರೆಸಿ ಕುಡಿಯುವ ಪರ್ಮಿಟ್ ಪಡೆಯಬಹುದು. ಬಡವನಿಗೆ ಆ ದಾರಿಯೂ ಇಲ್ಲ, ಅವನಿಗೆ ಕಳ್ಳಭಟ್ಟಿ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ವಿಷಮದ್ಯಕ್ಕೆ ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮೆಥನಾಲ್ ಹೊಟ್ಟೆಗೆ ಹೋದ ಮೇಲೆ ಫಾರ್ಮಿಕ್ ಆಮ್ಲವಾಗುತ್ತದೆ, ಮೊದಲು ಕಣ್ಣಿನ ನರಕ್ಕೆ ಹೊಡೆತ. ಅದಕ್ಕೇ ಬದುಕುಳಿದವರಲ್ಲಿ ಕುರುಡರು. ರಾಯಚೂರು ಜಿಲ್ಲೆಯ ಕಥೆ ಇನ್ನೊಂದು ಬಗೆಯದು. ಇಲ್ಲಿ ಸೇಂದಿಯ ಹೆಸರಲ್ಲಿ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ಮದ್ದು, ನೀರಿಗೆ ಬೆರೆತು ಬರುತ್ತದೆ. ದಿನಾ ಕುಡಿದವನಿಗೆ ಒಮ್ಮೆಲೇ ಸಿಗದಿದ್ದರೆ ಕೈಕಾಲು ನಡುಕ, ಭ್ರಮೆ, ಕೆಲವರಿಗೆ ಫಿಟ್ಸ್. ಪೊಲೀಸರು ದಾಳಿ ಮಾಡಿ ಪೂರೈಕೆ ನಿಲ್ಲಿಸಿದರೆ ಸಾಲದು, ಅದರ ಜೊತೆಗೇ ಆಸ್ಪತ್ರೆಯೂ ಸಿದ್ಧವಿರಬೇಕು.

ಇಷ್ಟಾದರೂ ಪಾನನಿಷೇಧ ಕೇಳಿದ ರಾಯಚೂರಿನ ಹೆಣ್ಣುಮಕ್ಕಳನ್ನು ಧರ್ಮದ ಹೆಸರಲ್ಲಿ ನಿಷೇಧ ಕೇಳುವವರ ಸಾಲಿಗೆ ಸೇರಿಸಲು ನಾನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಆಂದೋಲನದ ಪಾದಯಾತ್ರೆ ಹೋದಾಗ ಅವರು ಕೇಳಿದ್ದು ದೇವರು ಒಪ್ಪುತ್ತಾನೋ ಇಲ್ಲವೋ ಎಂದಲ್ಲ. ಕೂಲಿ ದುಡ್ಡು ಅಂಗಡಿಗೆ ಹೋಗುತ್ತದೆ, ರಾತ್ರಿ ಹೊಡೆತ ನಮಗೆ ಬೀಳುತ್ತದೆ ಎಂದು. ಕುಡಿಯುವವನ ಒಪ್ಪಿಗೆಗೆ ಬೆಲೆ ತೆರುವವಳು ಬೇರೊಬ್ಬಳು. ಒಪ್ಪಿ ಮದುವೆಯಾದ ಇಬ್ಬರು ವಯಸ್ಕರಿಗೂ ಇದಕ್ಕೂ ಇರುವ ಅಂತರ ಅದು. ಅವರ ಜಗಳ ಬಹುಪಾಲು ಲೈಸೆನ್ಸ್ ಇಲ್ಲದ ಬೆಲ್ಟ್ ಶಾಪುಗಳ ಮೇಲೆ, ಲೈಸೆನ್ಸ್ ಅಂಗಡಿಯಿಂದಲೇ ಮಾಲು ತಂದು ಕಿರಾಣಿ ಅಂಗಡಿಯಲ್ಲಿ, ಗುಡಿಸಲಲ್ಲಿ ಮಾರುವವರ ಮೇಲೆ. 1967ರ ಅಬಕಾರಿ ನಿಯಮಗಳಲ್ಲಿ ಗುಡಿ, ಮಸೀದಿ, ಶಾಲೆ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದಿದೆ. ಪರಿಶಿಷ್ಟರೇ ಹೆಚ್ಚಿರುವ ವಸತಿಯಲ್ಲೂ ಕೂಡದು. ಮದ್ಯ ಹರಾಮ್ ಎಂದು ನಂಬುವವನು ಅನುಮತಿಯ ಕಾನೂನನ್ನು ಒಪ್ಪಿಕೊಂಡೇ ಈ ನಿಯಮ ಹಿಡಿದು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು, ಆ ಹೆಣ್ಣುಮಕ್ಕಳ ಜೊತೆ ನಿಲ್ಲಬಹುದು. ಪೂರ್ತಿ ನಿಷೇಧವನ್ನು ನಾನು ಬೆಂಬಲಿಸುವುದಿಲ್ಲ, ಕಾರಣ ಮೇಲೆ ಹೇಳಿದ್ದೇ. ಆದರೆ ಹೊಡೆತ ತಿಂದವಳು ಬೇಕೆಂದರೆ ಅವಳಿಗೆ ಉಪದೇಶ ಹೇಳುವ ಧೈರ್ಯ ನನಗಿಲ್ಲ.

ಇದೇ ಅಳತೆಯಲ್ಲಿ ದೇವದಾಸಿ ಕಾನೂನನ್ನು ನೋಡಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಜಿಲ್ಲೆಗಳಿಗೆ ಇದು ಓದಿ ತಿಳಿದ ವಿಷಯವಲ್ಲ. ಬಳ್ಳಾರಿಗೆ ಮದರಾಸಿನ 1947ರ ಕಾಯ್ದೆ ಬಂತು, ಆಮೇಲೆ ಇಡೀ ರಾಜ್ಯಕ್ಕೆ 1982ರ ಕರ್ನಾಟಕ ಕಾಯ್ದೆ. ದೇವರಿಗೆ ಬಿಡುವ ಗುರುತಾಗಿ ಮುತ್ತು ಕಟ್ಟಿದವರಿಗೆ, ಕಟ್ಟಿಸಿದವರಿಗೆ ಮೂರು ವರ್ಷದವರೆಗೆ ಜೈಲು, ತಂದೆ ತಾಯಿ ಅಥವಾ ಸಂಬಂಧಿಕರಾಗಿದ್ದರೆ ಎರಡರಿಂದ ಐದು ವರ್ಷ ಎಂದು 1982ರ ಆ ಕಾಯ್ದೆಯಲ್ಲಿತ್ತು. ಇದು ನಂಬಿಕೆಯನ್ನು ತಡೆಯುವ ಕಾನೂನು, ತಡೆದದ್ದು ಸರಿ. ಮುತ್ತು ಬಿದ್ದದ್ದು ತನ್ನ ಮೈ ಬಗ್ಗೆ ಹೂಂ ಊಹೂಂ ಅನ್ನಲಾರದ ವಯಸ್ಸಿನ ಹುಡುಗಿಯ ಕೊರಳಿಗೆ. ಅದೇ ಕಾಯ್ದೆಯ 4ನೇ ಕಲಮಿನ ಬಗ್ಗೆ ಮಾತಾಡುವವರು ಕಡಿಮೆ. ದೇವರಿಗೆ ಬಿಟ್ಟವಳೆಂಬ ಒಂದೇ ಕಾರಣಕ್ಕೆ ಹೆಣ್ಣಿನ ಮದುವೆ ಅಸಿಂಧುವಾಗದು, ಆ ಮದುವೆಯ ಮಕ್ಕಳು ಅಕ್ರಮವಾಗರು ಎಂದು ಅಲ್ಲಿತ್ತು. ಮುತ್ತು ಕಟ್ಟಿಸಿಕೊಂಡವಳು ದೇವಿಯ ಸ್ವತ್ತು, ಅವಳಿಗೆ ಮನುಷ್ಯನ ತಾಳಿ ಇಲ್ಲ, ಕಟ್ಟಿದವನಿಗೆ ಕೇಡು ಎಂಬುದು ಗಟ್ಟಿ ನಂಬಿಕೆ. ಆ ನಂಬಿಕೆ ಬೇಡವೆಂದದ್ದನ್ನು ಕಾನೂನು ಮಾಡಬಹುದು ಎಂದಿತು. ಯಾವ ಪೂಜಾರಿಗೂ ಅಂಥ ಮದುವೆ ಮಾಡಿಸಲೇಬೇಕೆಂದು ಹೇಳಲಿಲ್ಲ. ದೇವಿಯ ಮೇಲೆ ಭಕ್ತಿ ಇದ್ದ ಯಾರಿಗಾದರೂ ಈ ಕಲಮಿಗೆ ಕೈ ಎತ್ತಲು ಅಡ್ಡಿ ಏನಿತ್ತು?

ಬಳ್ಳಾರಿಯ ಕ್ಯಾಥೊಲಿಕರ ಮಟ್ಟಿಗೆ ಈ ಅಂತರ ಕಾಗದದಲ್ಲೇ ಸ್ಪಷ್ಟ. 2001ರಲ್ಲಿ ಕ್ರೈಸ್ತರ ವಿಚ್ಛೇದನ ಕಾಯ್ದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿತು. ಅವರ ಧರ್ಮಸಭೆ, ಅಂದರೆ ಕ್ಯಾಥೊಲಿಕ್ ಚರ್ಚು, ವಿಚ್ಛೇದನವನ್ನು ಒಪ್ಪುವುದಿಲ್ಲ. ಕೋರ್ಟಿನ ಡಿಕ್ರಿ ತಂದವನಿಗೆ ಚರ್ಚಿನಲ್ಲಿ ಮರುಮದುವೆ ಮಾಡಿಸಲು ಪಾದ್ರಿಗೆ ಯಾವ ಒತ್ತಾಯವೂ ಇಲ್ಲ, ಅದಕ್ಕೆ ಸಭೆಯ ನ್ಯಾಯಮಂಡಳಿಯ ಬೇರೆ ತೀರ್ಮಾನ ಬೇಕು. ಆ ತೀರ್ಮಾನವೊಂದೇ ಇದ್ದರೆ ಕಾನೂನಿನ ಕಣ್ಣಿಗೆ ಮದುವೆ ಮುರಿದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು, ಆಲಾಯಿ ಕುಣಿ ತುಳಿಯುವವರಲ್ಲಿ ಹಿಂದೂಗಳಿಗೆ ಲೆಕ್ಕವಿಲ್ಲ. ಈ ಆಚರಣೆಯೇ ಧರ್ಮಕ್ಕೆ ಹೊರತು ಎನ್ನುವ ಮುಸ್ಲಿಂ ವಿದ್ವಾಂಸರಿದ್ದಾರೆ, ಮೊಹರಮಿನಲ್ಲಿ ಕೂಡಿಸುವ ಹಸ್ತದಾಕಾರದ ಪಂಜಾಗಳಿಗೆ ಸಕ್ಕರೆ ಓದಿಸಬೇಡಿ ಎನ್ನುವ ಹಿಂದೂ ಸಂಘಟನೆಗಳೂ ಇವೆ. ಇಬ್ಬರೂ ಉಪದೇಶ ಮಾಡಲಿ, ಅದು ಅವರ ಹಕ್ಕು. ಅಶೋಕನ ಶಾಸನಗಳು ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನಲ್ಲಿ, ಮಸ್ಕಿಯಲ್ಲಿ ಇವೆ. ಅದೇ ಅರಸ ತನ್ನ ಏಳನೇ ಸ್ತಂಭಶಾಸನದಲ್ಲಿ, ಧರ್ಮ ಬೆಳೆದದ್ದು ಕಟ್ಟಳೆಗಿಂತ ಮನವೊಲಿಕೆಯಿಂದಲೇ ಹೆಚ್ಚು ಎಂದು ತನ್ನ ಆಳ್ವಿಕೆಯನ್ನು ತಾನೇ ತೂಗಿ ನೋಡಿದ್ದಾನೆ. ಪ್ರಾಣಿವಧೆಗೆ ಕಟ್ಟಳೆ ಹಾಕಿ ನೋಡಿದವನ ಮಾತು ಅದು.

ಬೆಂಬಲ ಎಂಬುದರಲ್ಲೂ ಮೆಟ್ಟಿಲುಗಳಿವೆ. ಕಾನೂನು ಇರಲಿ ಎನ್ನುವುದು ಒಂದು, ಬೋರ್ಡಿನ ಫೋಟೊ ತೆಗೆಯದಿರುವುದು ಇನ್ನೊಂದು. ಧರ್ಮವಂತನಿಗೆ ನಿಜಕ್ಕೂ ಕಷ್ಟವಾಗುವುದು ಪರಿಚಯದ ಹುಡುಗನೊಬ್ಬ ಬಂದು, "ಕಾಕಾ, ಸಾಕ್ಷಿ ಸಹಿ ಹಾಕ್ತೀರೇನ್ರೀ?" ಎಂದು ಕೇಳಿದಾಗ. ಈ ಮದುವೆಗೆ ಮೂವರು ಸಾಕ್ಷಿ ಬೇಕು. ವಿಧಿ ಯಾವುದಾದರೂ ಇರಲಿ, ಅಧಿಕಾರಿ ಮತ್ತು ಆ ಮೂವರ ಮುಂದೆ ಇಬ್ಬರೂ ತಮಗೆ ತಿಳಿಯುವ ಭಾಷೆಯಲ್ಲಿ "ನಿನ್ನನ್ನು ನನ್ನ ಕಾನೂನುಬದ್ಧ ಹೆಂಡತಿಯಾಗಿ", "ಗಂಡನಾಗಿ ಸ್ವೀಕರಿಸುತ್ತೇನೆ" ಎನ್ನಬೇಕು, ಕನ್ನಡದಲ್ಲಿ ಹೇಳಿದರೆ ಸಾಕು. ಅದಕ್ಕೂ ಮುಂಚೆ ಇಬ್ಬರೂ ತಮ್ಮ ವಯಸ್ಸು, ಬೇರೆ ಮದುವೆ ಇಲ್ಲದಿರುವುದು, ನಿಷಿದ್ಧ ಸಂಬಂಧವಲ್ಲದಿರುವುದನ್ನು ಘೋಷಿಸಿ ಸಹಿ ಹಾಕುತ್ತಾರೆ. ಸುಳ್ಳಾದರೆ ಜೈಲು ಎಂಬುದು ತಮಗೆ ಗೊತ್ತು ಎಂದೂ ಅದರಲ್ಲಿರುತ್ತದೆ. ಅದರ ಕೆಳಗೆ ಸಾಕ್ಷಿಗಳ ಸಾಲು. ಇವರು ನಮ್ಮ ಎದುರೇ ಸಹಿ ಹಾಕಿದರು, ನಮಗೆ ತಿಳಿದಮಟ್ಟಿಗೆ ಈ ಮದುವೆಗೆ ಕಾನೂನಿನ ಅಡ್ಡಿ ಇಲ್ಲ, ಇಷ್ಟೇ. ಧರ್ಮದ ಅಡ್ಡಿ ಇದೆಯೇ ಎಂದು ಆ ಹಾಳೆ ಸಾಕ್ಷಿಯನ್ನು ಕೇಳುವುದಿಲ್ಲ, ಹರಸು ಎಂದೂ ಹೇಳುವುದಿಲ್ಲ. ಸಹಿ ಹಾಕುವ ಕಾಕಾ ತನ್ನ ಆಧಾರ್ ಕಾರ್ಡು ತಂದು, ಹುಡುಗ ಹುಡುಗಿಯ ವಯಸ್ಸಿನ ದಾಖಲೆ ತಾನೇ ಒಮ್ಮೆ ನೋಡಿ, ಹುಡುಗಿ ತನ್ನ ಇಷ್ಟದಿಂದಲೇ ಬಂದಿದ್ದಾಳೋ ಎಂದು ಅವಳನ್ನೇ ಪಕ್ಕಕ್ಕೆ ಕರೆದು ಕೇಳಿಕೊಳ್ಳಬೇಕು. ಉಳಿದದ್ದನ್ನು ಬೇಕಿದ್ದರೆ ಹೊರಗೆ ಬಂದ ಮೇಲೆ ಚಹಾದಂಗಡಿಯಲ್ಲಿ ಇಬ್ಬರಿಗೂ ಮುಖಕ್ಕೆ ಹೇಳಬಹುದು.